ಹುಟ್ಟಿದ ದಿನದ ಕಾಣಿಕೆಯೂ ಮನೆಯ ಬೆಕ್ಕೂ

ಓದತಕ್ಕ ಭಾಗ: ಆದಿಕಾಂಡ 40 ಮತ್ತು 41ನೆಯ ಅಧ್ಯಾಯಗಳು

ಸತ್ಯವೇದದಲ್ಲಿ ಹುಟ್ಟಿದ ದಿನದ ಹಬ್ಬಗಳನ್ನು ಹುಡುಕುತ್ತಾ ಹೋದರೆ ನಮಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿ ಹುಟ್ಟುತ್ತದೆ. ಸ್ಪಷ್ಟವಾಗಿ ಹೇಳಲ್ಪಟ್ಟಿರುವವು ಎರಡೇ. ಒಂದು ಐಗುಪ್ತದ ಫರೋಹನದು. ಆ ದಿನ ಅಡಿಗೆಭಟ್ಟರ ಮುಖ್ಯಸ್ಥನು ತೂಗಹಾಕಲ್ಪಟ್ಟನು. ಇನ್ನೊಂದು ಅರಸನಾದ ಹೆರೋದನದು. ಆ ದಿನ ಸ್ನಾನಿಕನಾದ ಯೋಹಾನನ ತಲೆಯು ಹರಿವಾಣದಲ್ಲಿ ಬಂದಿತು. ಯೋಬನಾದರೋ ತಾನು ಹುಟ್ಟಿದ ದಿನವನ್ನೇ ಶಪಿಸಿದನು. ಇವುಗಳನ್ನು ನೋಡಿಯೇ ಪೂರ್ವಕಾಲದ ಸಭಾಪಂಡಿತನಾದ ಒರಿಗೆನನು, ಭಕ್ತರಲ್ಲಿ ಒಬ್ಬನಾದರೂ ತನ್ನ ಜನ್ಮದಿನವನ್ನು ಹಬ್ಬವಾಗಿ ಕೊಂಡಾಡಲಿಲ್ಲವೆಂದು ಬೋಧಿಸಿದನು. ಹಾಗಾದರೆ ನಮ್ಮ ಸಭೆಗಳಲ್ಲಿ ಹುಟ್ಟಿದ ದಿನದ ಸ್ತೋತ್ರಕಾಣಿಕೆಯನ್ನು ಇಡುವ ಪದ್ಧತಿಯು ತಪ್ಪೋ?

ಫರೋಹನ ಹಬ್ಬವನ್ನೇ ಇನ್ನೊಮ್ಮೆ ಓದಿ ನೋಡಿರಿ. ಸೆರೆಮನೆಯಲ್ಲಿದ್ದ ಪಾನದಾಯಕನಿಗೆ ಯೋಸೇಫನು ಕನಸಿನ ಅರ್ಥವನ್ನು ಹೇಳಿದನು. ಕೂಲಿಯನ್ನು ಕೇಳಲಿಲ್ಲ; ನಿನಗೆ ಒಳ್ಳೇದಾದಾಗ ನನ್ನನ್ನು ನೆನಸು ಎಂಬಷ್ಟೇ ಬೇಡಿಕೆ. ಮೂರನೆಯ ದಿನ ಅರಸನ ಹುಟ್ಟಿದ ಹಬ್ಬವು ಬಂತು. ಪಾನದಾಯಕನಿಗೆ ಉದ್ಯೋಗವು ತಿರಿಗಿ ದೊರೆಯಿತು. ಹಬ್ಬದ ಗದ್ದಲದಲ್ಲಿ ಅವನು ಯೋಸೇಫನನ್ನು ಮರೆತೇಬಿಟ್ಟನು. ಒಂದು ದಿನವಲ್ಲ, ಎರಡು ವರುಷಗಳ ವರೆಗೆ. ಆ ಎರಡು ವರುಷ ಉಪಕಾರ ಮಾಡಿದವನು ಕತ್ತಲಲ್ಲಿ ಕುಳಿತಿದ್ದನು. ಹಬ್ಬವು ಕೆಟ್ಟದ್ದಲ್ಲ, ಮರೆತದ್ದು ಕೆಟ್ಟದ್ದು ಎಂದು ನನಗೆ ತೋರುತ್ತದೆ. ಹುಟ್ಟಿದ ದಿನವು ನಾವು ಯಾರಾರ ಉಪಕಾರದಿಂದ ಇಲ್ಲಿಯ ವರೆಗೆ ಬದುಕಿದೆವೆಂದು ಲೆಕ್ಕ ನೋಡಿಕೊಳ್ಳುವ ದಿನವಾದರೆ ಅದನ್ನು ಆಚರಿಸುವದರಲ್ಲಿ ದೋಷವಿಲ್ಲ.

ಆದರೆ ನಮ್ಮ ಕಡೆಯ ಹಿರಿಯರಲ್ಲಿ ಅನೇಕರಿಗೆ ಹುಟ್ಟಿದ ದಿನವೇ ತಿಳಿಯದು. ಚನ್ನಗಿರಿ, ಹೊನ್ನಾಳಿಗಳಲ್ಲಿ ಭದ್ರಾ ನಾಲೆಗೆ ನೀರು ಬಂದ ವರುಷ ಹುಟ್ಟಿದವನೆಂದು ಒಬ್ಬನು ಹೇಳುತ್ತಾನೆ. ದೊಡ್ಡ ಮಳೆಗೆ ಕೆರೆ ಒಡೆದಾಗ ತೊಟ್ಟಿಲಲ್ಲಿದ್ದೆನೆಂದು ಮತ್ತೊಬ್ಬಳು. ಅವರ ಅಜ್ಜಿಯರು 1876ರ ಧಾತು ಸಂವತ್ಸರದ ಬರದಿಂದ ಎಣಿಸುತ್ತಿದ್ದರು. ಜನನ ಮರಣಗಳ ನೋಂದಣಿಯ ಕಾಯಿದೆಯು ಇಡೀ ದೇಶಕ್ಕೆ ಒಂದೇ ಆಗಿ ಹುಟ್ಟಿದ್ದು 1969ರಲ್ಲಿ. ಅದಕ್ಕೆ ಮುಂಚೆಯೂ, ಅದರ ಬಳಿಕ ಎಷ್ಟೋ ಕಾಲವೂ, ಹುಡುಗನನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅವನ ಎತ್ತರವನ್ನು ನೋಡಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆದಕಾರಣ ಜೂನ್ ತಿಂಗಳ ಮೊದಲನೆಯ ಭಾನುವಾರ ಕೆಲವು ಗ್ರಾಮಸಭೆಗಳಲ್ಲಿ ಅರ್ಧ ಸಭೆಯೇ ಎದ್ದು ಕಾಣಿಕೆಯ ಪೆಟ್ಟಿಗೆಯ ಬಳಿಗೆ ಬರುವದುಂಟು! ನಗುವ ಮಾತಾದರೂ ಇದರಲ್ಲಿ ಒಂದು ಸೊಗಸಿದೆ. ಮುಂಗಾರು ಕಾಲಿಡುವ ಹೊತ್ತಿನಲ್ಲಿ, ಬಿತ್ತನೆಗೆ ಮುಂಚೆ, ವಯಸ್ಸು ತಿಳಿಯದ ಜನರು ಕೂಡಿ ನಿಂತು ಬದುಕಿದ್ದಕ್ಕಾಗಿ ಸ್ತೋತ್ರ ಹೇಳುತ್ತಾರೆ.

ಪಟ್ಟಣದ ಪದ್ಧತಿಯ ವಿಷಯದಲ್ಲಿ ಎರಡು ಮಾತು. ಮೇಣದ ಬತ್ತಿಗಳನ್ನು ಸಿಕ್ಕಿಸಿದ ಕೇಕು ಈಗ ನ್ಯಾಮತಿಯ ಬೇಕರಿಯಲ್ಲಿಯೂ ದೊರೆಯುತ್ತದೆ. ಇದು ಸಿನೆಮಾದಿಂದ ಬಂದದ್ದೆಂದು ಕೆಲವರು ಗೊಣಗುತ್ತಾರೆ. ಆದರೆ 1746ರಷ್ಟು ಹಿಂದೆಯೇ ಮೊರೇವಿಯನ್ ಸಭೆಯ ನಾಯಕನಾದ ಕೌಂಟ್ ಜಿನ್ಜೆನ್‌ಡಾರ್ಫನ ಜನ್ಮದಿನಕ್ಕೆ ಜರ್ಮನಿಯಲ್ಲಿ ದೊಡ್ಡ ಕೇಕನ್ನು ಮಾಡಿ, ವಯಸ್ಸಿನ ವರುಷಕ್ಕೊಂದರಂತೆ ತೂತು ಕೊರೆದು ಬತ್ತಿಗಳನ್ನು ನಿಲ್ಲಿಸಿದ್ದರು. ಲೋಕದ ನಾನಾ ಮೂಲೆಗಳಿಗೆ ಮಿಶನೆರಿಗಳನ್ನು ಕಳುಹಿಸಿದ ಭಕ್ತನ ಮನೆಯಲ್ಲಿಯೇ ಈ ವೈಭವ! ಅದನ್ನು ಬರೆದಿಟ್ಟವನು ಮೆಚ್ಚಿ ಬರೆದವನಲ್ಲ. ದೀಪವನ್ನು ಊದಿ ಆರಿಸುವದು ನಮ್ಮ ನಾಡಿನವರ ಮನಸ್ಸಿಗೆ ಒಗ್ಗುವದಿಲ್ಲ, ಬೇಡವಾದರೆ ಬಿಡಬಹುದು. ಮಗನ ಕೇಕಿಗಾಗಿ ಅಂಗಡಿಯಲ್ಲಿ ಸಾಲ ಬರೆಸುವದು ಮಾತ್ರ ಎಲ್ಲರೂ ಬಿಡಬೇಕಾದದ್ದು.

ನೆರೆಯವರನ್ನೂ ನೋಡಿರಿ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಯು ನಡೆಯುತ್ತದೆ. ಅವರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಲಂಬಾಣಿ ಜನರು ಹೇಳುತ್ತಾರೆ. ದೂರದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುವವರುಂಟು. ಅವರ ನಂಬಿಕೆಯು ನಮ್ಮದಲ್ಲ. ಆದರೂ ತಮ್ಮ ಜನಕ್ಕೆ ಒಳ್ಳೇದು ಮಾಡಿದವನ ಹುಟ್ಟನ್ನು ಸುಮಾರು ಮುನ್ನೂರು ವರುಷದ ಮೇಲೆಯೂ ಮರೆಯದೆ ನಡೆದುಬರುವ ಕಾಲುಗಳನ್ನು ಕಂಡಾಗ ಪಾನದಾಯಕನಿಗೆ ನಾಚಿಕೆಯಾಗಬೇಕು.

ಈಗ ನನ್ನ ಕಥೆಯನ್ನು ಹೇಳುತ್ತೇನೆ. ಜಗಳೂರು ಕಡೆಯ ಒಂದು ಚಿಕ್ಕ ಸಭೆಯಲ್ಲಿ ಅಂಥದೇ ಒಂದು ಜೂನ್ ಭಾನುವಾರ ಒಬ್ಬ ಮುದುಕಿಯು ಸೆರಗಿನಲ್ಲಿ ಎರಡು ಸೇರು ರಾಗಿಯನ್ನು ತಂದು ಕಾಣಿಕೆಯ ಮೇಜಿನ ಮುಂದೆ ಎರಡು ಗುಡ್ಡೆಯಾಗಿ ಸುರಿದಳು. ಒಂದು ತನ್ನ ಆಯುಷ್ಯಕ್ಕಾಗಿ. ಇನ್ನೊಂದು ಯಾಕೆಂದು ಉಪದೇಶಿಗಳು ಕೇಳಲು, ಅದು ಬೆಕ್ಕಿಗಾಗಿ ಎಂದಳು. ಸಭೆಯೆಲ್ಲಾ ನಕ್ಕಿತು; ನಾನೂ ನಕ್ಕೆನು. ಅವಳು ನಗಲಿಲ್ಲ. ಹಿಂದಣ ವರುಷ ಬಿತ್ತನೆಗೆಂದು ಇಟ್ಟ ರಾಗಿಯ ಚೀಲವನ್ನು ಇಲಿಗಳು ತೂತು ಮಾಡಿ ತಿಂದು ಕೆಡಿಸಿದವು. ಬೀಜಕ್ಕಾಗಿ ಬಡ್ಡಿಯ ಸಾಲವಾಯಿತು. ಆ ಸಾಲದ ದೆಸೆಯಿಂದ ಮೊಮ್ಮಗಳು ಒಂದು ವರುಷ ಶಾಲೆ ಬಿಟ್ಟಳು. ಚಳಿಗಾಲದಲ್ಲಿ ಎಲ್ಲಿಂದಲೋ ಒಂದು ಬೂದು ಬಣ್ಣದ ಬೆಕ್ಕು ಬಂದು ಚೀಲದ ಪಕ್ಕದಲ್ಲಿ ಮಲಗತೊಡಗಿತು. ಈ ಸಲ ಚೀಲವು ಹೊಲಿದದ್ದು ಹೊಲಿದಂತೆಯೇ ಇತ್ತು. ದೇವರು ಕಳುಹಿಸಿದ ಆಳು, ಕೂಲಿ ಕೇಳಲಿಲ್ಲ ಎಂದು ಹೇಳಿ ಅವಳು ಹೋಗಿ ಕುಳಿತುಕೊಂಡಳು.

ಅದೇ ಸಂಜೆ ನಾನು ಸೈಕಲಿನ ಮೇಲೆ ಹಿಂದಿರುಗುತ್ತಿದ್ದಾಗ ಒಂದು ಬೆಕ್ಕು ದಾರಿಗೆ ಅಡ್ಡ ಬಂದಿತು. ಅಪಶಕುನವೆಂಬದು ಸುಳ್ಳೆಂದು ಇಪ್ಪತ್ತು ವರುಷಗಳಿಂದ ಬೋಧಿಸುತ್ತಿರುವ ನನ್ನ ಕೈಯು ತಾನಾಗಿಯೇ ಬ್ರೇಕನ್ನು ಹಿಡಿಯಿತು. ಒಂದು ಕ್ಷಣ ನಿಂತೆನು. ಯಾರೂ ನೋಡಲಿಲ್ಲವೆಂದು ಸುತ್ತಲೂ ನೋಡಿದೆನು. ಆ ನೋಟವೇ ನನಗೆ ಹೆಚ್ಚು ನಾಚಿಕೆಯನ್ನುಂಟುಮಾಡಿತು. ಬೆಳಿಗ್ಗೆ ಬೆಕ್ಕಿಗಾಗಿ ಸ್ತೋತ್ರ ಮಾಡಿದವಳನ್ನು ನೋಡಿ ನಕ್ಕವನು ಸಂಜೆ ಬೆಕ್ಕಿಗೆ ಹೆದರಿದನು.

ಆ ರಾತ್ರಿಯಿಂದ ಈ ಪ್ರಾಣಿಯ ವಿಷಯವಾಗಿ ಓದತೊಡಗಿದೆನು. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಮನೆಯ ಬೆಕ್ಕಿನ ಪ್ರಸ್ತಾಪವು ಇಲ್ಲ. ರೋಮನ್ ಕಥೋಲಿಕರ ಬೈಬಲಿನಲ್ಲಿರುವ ಯೆರೆಮೀಯನ ಪತ್ರದಲ್ಲಿ ಮಾತ್ರ, ಬಾಬೆಲಿನ ವಿಗ್ರಹಗಳ ಮೇಲೆ ಕುಳಿತುಕೊಳ್ಳುವ ಬೆಕ್ಕುಗಳು ಬರುತ್ತವೆ. ಆದರೂ ಯೋಸೇಫನಿದ್ದ ಐಗುಪ್ತ ದೇಶದಷ್ಟು ಬೆಕ್ಕನ್ನು ಪ್ರೀತಿಸಿದ ದೇಶವು ಇನ್ನೊಂದಿಲ್ಲ. ನೈಲ್ ನದಿಯ ದಡದ ಗೋಧಿಯು ಕಣಜಗಳನ್ನು ತುಂಬಿತು. ಕಣಜಗಳು ಇಲಿಗಳನ್ನು ಕರೆದವು. ಇಲಿಗಳು ಬೆಕ್ಕುಗಳನ್ನು ಕರೆದವು. ಐಗುಪ್ತದವರು ಅದನ್ನು ಕರೆಯುತ್ತಿದ್ದ ಹೆಸರು 'ಮಿಯು'. ನಮ್ಮ ಮಕ್ಕಳೂ ಹಾಗೆಯೇ ಕರೆಯುತ್ತಾರಲ್ಲವೇ? ಮೂರನೆಯ ಅಮೆನ್‌ಹೋಟೆಪನೆಂಬ ಫರೋಹನ ಮಗನಾದ ಥಟ್‌ಮೋಸನು ಸತ್ತ ತನ್ನ ಹೆಣ್ಣು ಬೆಕ್ಕಿಗೆ ಸುಣ್ಣಕಲ್ಲಿನ ಪೆಟ್ಟಿಗೆಯನ್ನು ಕೆತ್ತಿಸಿದನು. ಇದಕ್ಕೂ ಬಹು ಹಿಂದೆ, ಸುಮಾರು 9,500 ವರುಷಗಳ ಕೆಳಗೆ, ಸೈಪ್ರಸ್ ದ್ವೀಪದಲ್ಲಿ ಒಬ್ಬ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಒಂದು ಬೆಕ್ಕನ್ನು ಹೂಳಿದ್ದರೆಂಬದು 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಕಾಡುಬೆಕ್ಕುಗಳು ಹುಟ್ಟಿ ಬೆಳೆದವುಗಳಲ್ಲ. ಯಾರೋ ದೋಣಿಯಲ್ಲಿ ತಂದಿರಬೇಕು. ನೇಗಿಲು ಹಿಡಿದವನ ಬಳಿಗೆ ನಾಯಿಯು ಬೇಟೆಗಾರನೊಡನೆ ಬಂತು. ಬೆಕ್ಕು ಧಾನ್ಯದ ಹಿಂದೆ ಬಂತು.

ಆದರೆ ಐಗುಪ್ತದವರು ಉಪಕಾರಸ್ಮರಣೆಯಲ್ಲಿಯೇ ನಿಲ್ಲಲಿಲ್ಲ. ಬಾಸ್ತೆಟ್ ಎಂಬ ದೇವತೆಗೆ ಬೆಕ್ಕಿನ ಮುಖವನ್ನಿಟ್ಟು ಪೂಜಿಸಿದರು. ಪೂಜೆಗಾಗಿಯೇ ಲಕ್ಷಗಟ್ಟಲೆ ಬೆಕ್ಕುಗಳನ್ನು ಕೊಂದು ಬಟ್ಟೆ ಸುತ್ತಿ ಹೂಳಿದರು. 1890ರಲ್ಲಿ ಅಂಥ ಸುಮಾರು 1,80,000 ಒಣ ಹೆಣಗಳನ್ನು ಹಡಗಿನಲ್ಲಿ ಲಿವರ್‌ಪೂಲಿಗೆ ತಂದು ಹೊಲದ ಗೊಬ್ಬರಕ್ಕೆ ಮಾರಿದರು. ಪೂಜಿಸಿದವರೂ ಕೊಂದರು, ಪೂಜಿಸದವರು ಪುಡಿ ಮಾಡಿದರು. ಸೃಷ್ಟಿಯನ್ನು ದೇವರೆನ್ನುವದೂ ಕಸವೆನ್ನುವದೂ ಒಂದಕ್ಕೊಂದು ದೂರವಲ್ಲ.

ನಮ್ಮ ದೇಶದ ಸಂಗತಿಯು ಇನ್ನೂ ಹತ್ತಿರದ್ದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿತ್ತೆಂದರೆ ಊರು ಬಿಡಬೇಕೆಂಬ ಮಾತು ಹಳ್ಳಿಹಳ್ಳಿಗೂ ತಿಳಿದಿತ್ತು. ಜನರು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ತರುವದೆಂದು 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಹಿಡಿದನು. ಅಮರಾವತಿಯಲ್ಲಿ ಸಿವಿಲ್ ಸರ್ಜನನಾಗಿದ್ದ ಬುಕಾನನ್ ಎಂಬವನು ವರ್‍ಹಾಡದ ಹಳ್ಳಿಗಳಲ್ಲಿ ಬೆಕ್ಕುಗಳನ್ನು ಎಣಿಸಿ, ಅವು ಹೆಚ್ಚಾಗಿದ್ದ ಊರುಗಳಿಗೆ ಪ್ಲೇಗು ವಿರಳವೆಂದು 1908ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದನು. ಬೆಕ್ಕಿಗೂ ಪ್ಲೇಗು ತಗಲಬಲ್ಲದೆಂದು ಈಗ ತಿಳಿದಿರುವದರಿಂದ ಅವನ ಮಾತನ್ನು ಪೂರ್ತಿಯಾಗಿ ನೆಚ್ಚಲಾಗದು. ಆದರೂ ರೋಗದ ಭಯದಲ್ಲಿ ಊರವರೆಲ್ಲರೂ ಓಡಿದಾಗ ಬರಿದಾದ ಮನೆಗಳಲ್ಲಿ ಉಳಿದು ಇಲಿ ಹಿಡಿದ ಪ್ರಾಣಿಯನ್ನು ಎಣಿಸಿ ನೋಡಬೇಕೆಂದು ಒಬ್ಬನಿಗಾದರೂ ತೋಚಿತಲ್ಲಾ.

ನಾವು ಅದಕ್ಕೆ ಕೊಡುವ ಸಂಬಳವೇನು? ನಾಯಿಯು ಯಜಮಾನನನ್ನು ನೆಚ್ಚುವದು, ಬೆಕ್ಕು ಮನೆಯನ್ನು ನೆಚ್ಚುವದು ಎಂದು ಗಾದೆಯ ಹಾಗೆ ಹೇಳಿ ಅದನ್ನು ಕೃತಘ್ನವೆನ್ನುತ್ತೇವೆ. ಅಡ್ಡ ಬಂದರೆ ಉಗುಳುತ್ತೇವೆ. ಮರಿ ಹಾಕಿದರೆ ಗೋಣಿಯಲ್ಲಿ ಕಟ್ಟಿ ಹೊನ್ನಾಳಿಯ ಸೇತುವೆಯ ಮೇಲಿಂದ ತುಂಗಭದ್ರೆಗೆ ಎಸೆದು ಬರುವ ಕೈಗಳು ನಮ್ಮಲ್ಲಿಯೂ ಇಲ್ಲವೇ? ಅಡಿಕೆಯ ತೋಟಕ್ಕೂ ಮೆಕ್ಕೆಜೋಳದ ರಾಶಿಗೂ ಇಲಿಪಾಷಾಣವನ್ನು ಎರಚುತ್ತೇವೆ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕು ಒದ್ದಾಡಿ ಸಾಯುವದುಂಟು. ಬಳಿಕ ಇಲಿಗಳು ಇಮ್ಮಡಿಯಾದವೆಂದು ದೂರುತ್ತೇವೆ. ಜ್ಞಾನೋಕ್ತಿಗಳ 12ನೆಯ ಅಧ್ಯಾಯದ 10ನೆಯ ವಚನವನ್ನು ಮನೆಯಲ್ಲಿ ಎಲ್ಲರೂ ಕುಳಿತಿರುವಾಗ ಗಟ್ಟಿಯಾಗಿ ಓದಿರಿ.

ಸಾಕುವವರಿಗೆ ಸ್ವಲ್ಪ ಬುದ್ಧಿಮಾತು. ಹಸಿದ ಬೆಕ್ಕೇ ಇಲಿ ಹಿಡಿಯುವದೆಂಬದು ತಪ್ಪು. ಅನ್ನ ಹಾಕಿದ ಬೆಕ್ಕು ಮನೆ ಬಿಟ್ಟು ಹೋಗದೆ ಚೆನ್ನಾಗಿ ಬೇಟೆಯಾಡುತ್ತದೆ. ಹಾಲು ಅವಶ್ಯವಲ್ಲ, ನೀರು ಅವಶ್ಯ. ಮರಿಗಳನ್ನು ಎರಡು ತಿಂಗಳಾಗುವ ತನಕ ತಾಯಿಯಿಂದ ಬಿಡಿಸಬಾರದು. ಬೆಕ್ಕು ಕಚ್ಚಿದರೂ ಪರಚಿದರೂ ಅರಿಸಿನ ಹಚ್ಚಿ ಸುಮ್ಮನಿರದೆ, ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಹುಚ್ಚುನಾಯಿಯ ರೋಗವು ಬೆಕ್ಕಿನಿಂದಲೂ ಬರಬಲ್ಲದು. ಪ್ರೀತಿಯು ಕುರುಡಾಗಿರಬೇಕಾಗಿಲ್ಲ.

ಭಾನುವಾರ ಶಾಲೆಯ ಬೋಧಕರು ಈ ಪಾಠವನ್ನು ಮುಗಿಸುವಾಗ ಮಕ್ಕಳಿಗೆ ಪಾನದಾಯಕನ ತಪ್ಪು ಯಾವದೆಂದು ಕೇಳಲಿ. ಹುಟ್ಟಿದ ದಿನ ತಾಯಿಯ ನೋವನ್ನು ನೆನಸಿದವರು ಯಾರೆಂದು ಕೇಳಲಿ. ಹೆಚ್ಚು ಕೈಗಳು ಏಳವು, ಗದರಿಸಬೇಡಿರಿ. ವರುಷಕ್ಕೊಂದು ನಾಣ್ಯದಂತೆ ಪೆಟ್ಟಿಗೆಗೆ ಹಾಕುವ ಪದ್ಧತಿಯಿದ್ದಲ್ಲಿ, ಒಂದೊಂದು ನಾಣ್ಯಕ್ಕೆ ಉಪಕಾರ ಮಾಡಿದ ಒಬ್ಬೊಬ್ಬರ ಹೆಸರನ್ನು ಹೇಳಿಸಿ ನೋಡಿರಿ. ಸೂಲಗಿತ್ತಿ, ಮೇಷ್ಟ್ರು, ಬಾವಿ ತೋಡಿದವನು, ಎತ್ತು, ಬೆಕ್ಕು, ಯಾವದಾದರೂ ಆಗಲಿ. ಹತ್ತು ವರುಷದ ಹುಡುಗನಿಗೆ ಹತ್ತು ಹೆಸರುಗಳು ಸಿಕ್ಕುವದು ಕಷ್ಟವೆಂದು ತಿಳಿಯಬೇಡಿರಿ, ಕಷ್ಟವು ನಮಗೆ.

ಜಗಳೂರು ಕಡೆಯ ಆ ಮುದುಕಿಯ ಬೆಕ್ಕು ಈಚೆಗೆ ಮೂರು ಮರಿಗಳನ್ನು ಹಾಕಿದೆ. ಮೊಮ್ಮಗಳು ತಿರಿಗಿ ಶಾಲೆಗೆ ಹೋಗುತ್ತಿದ್ದಾಳೆ. ಮರಿಗಳಲ್ಲಿ ಒಂದು ಉಪದೇಶಿಗಳ ಮನೆಗೆ, ಒಂದು ನನ್ನ ಮನೆಗೆ ಎಂದು ಗೊತ್ತಾಗಿದೆ. ಮೂರನೆಯದಕ್ಕೆ ಇನ್ನೂ ಮನೆಯು ದೊರೆಯಬೇಕಾಗಿದೆ.