ನಗರ ಮತ್ತು ನಾಗರಿಕ

'ನಾಗರಿಕ' ಎಂಬ ಶಬ್ದದೊಳಗೆ 'ನಗರ' ಅಡಗಿದೆ. ಪ್ರಾಚೀನ ಗ್ರೀಕರು ತಮ್ಮ ನಗರರಾಜ್ಯವನ್ನು 'ಪೊಲಿಸ್' ಎಂದು ಕರೆಯುತ್ತಿದ್ದರು. 'ಪಾಲಿಟಿಕ್ಸ್' ಎಂಬ ಪದದ ಮೂಲವೂ ಅದೇ. ಹಾಗಾದರೆ ನಗರವನ್ನು ಅರಿಯುವ ವಿದ್ಯೆ ಯಾವುದು? ರಸ್ತೆಯನ್ನು ಎಂಜಿನಿಯರ್ ಬಲ್ಲ, ರೋಗವನ್ನು ವೈದ್ಯ ಬಲ್ಲ, ತೆರಿಗೆಯನ್ನು ಅರ್ಥಶಾಸ್ತ್ರಜ್ಞ ಬಲ್ಲ, ಜಾತಿ-ಮತಗಳ ಬಾಳುವೆಯನ್ನು ಸಮಾಜಶಾಸ್ತ್ರಜ್ಞ ಬಲ್ಲ. ಇವರು ಒಂದೆಡೆ ಕುಳಿತು ವಿಚಾರ ಮಾಡದಿದ್ದರೆ, ಒಬ್ಬನ ಪರಿಹಾರವೇ ಇನ್ನೊಬ್ಬನ ಸಮಸ್ಯೆಯಾದೀತು.

ಈ ಸತ್ಯವನ್ನು ಮನಗಂಡವರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಪ್ರಮುಖರು. 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಗಿಡವನ್ನು ಅದರ ನೆಲದಿಂದ ಬೇರ್ಪಡಿಸಿ ಅರಿಯಲಾಗದಂತೆ, ಮನುಷ್ಯನನ್ನು ಅವನ ಸ್ಥಳದಿಂದಲೂ ಉದ್ಯೋಗದಿಂದಲೂ ಬೇರ್ಪಡಿಸಿ ಅರಿಯಲಾಗದು ಎಂಬುದು ಅವರ ಮತವಾಗಿತ್ತು. 1914ರಲ್ಲಿ ಅವರು ಭಾರತಕ್ಕೆ ಬಂದರು. ಅವರ ನಗರಯೋಜನಾ ಪ್ರದರ್ಶನದ ಚಿತ್ರಪಟಗಳನ್ನು ಹೊತ್ತ ಹಡಗನ್ನು ಜರ್ಮನ್ ಯುದ್ಧನೌಕೆ 'ಎಮ್ಡೆನ್' ಮುಳುಗಿಸಿತು. ಗೆಡ್ಡೆಸರು ಎದೆಗುಂದಲಿಲ್ಲ, ಮತ್ತೆ ಸಾಮಗ್ರಿಯನ್ನು ಕೂಡಿಸಿ, 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ಏರ್ಪಡಿಸಿದರು.

ಆ ಕಾಲದಲ್ಲಿ ನಗರಸುಧಾರಣೆಯೆಂದರೆ ಹಳೆಯ ಕೇರಿಗಳನ್ನು ಕೆಡವಿ ನೇರವಾದ ಅಗಲ ರಸ್ತೆಗಳನ್ನು ಹಾಯಿಸುವುದೆಂದೇ ಅರ್ಥ. ಮನೆ ಕಳೆದುಕೊಂಡ ಬಡವರು ಎಲ್ಲಿಗೆ ಹೋಗಬೇಕು? ಅವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಇಕ್ಕಟ್ಟಾಗಿ ಬಾಳುವರು. ರೋಗವೂ ಅವರೊಡನೆ ಸಾಗುವುದು. ಆದುದರಿಂದ ಗೆಡ್ಡೆಸರು ಕೇರಿಕೇರಿಯನ್ನೂ ಕಾಲ್ನಡಿಗೆಯಲ್ಲಿ ಸುತ್ತಿ, ಕೆಡವಲೇಬೇಕಾದ ಕೆಲವೇ ಕಟ್ಟಡಗಳನ್ನು ಗುರುತಿಸಿ, ಬಾವಿ, ಮರ, ಗುಡಿ, ಅಂಗಳಗಳನ್ನು ಉಳಿಸುವ ಮಾರ್ಗವನ್ನು ಸೂಚಿಸಿದರು. ಕುಶಲ ಶಸ್ತ್ರವೈದ್ಯನ ಮಿತಹಸ್ತದಂತಹ ಕ್ರಮವಿದು.

ಇಂದೂರಿನಲ್ಲಿ ಪ್ಲೇಗ್ ಹಾವಳಿಯಿದ್ದಾಗ, ಮನೆ ಕೆಡವಲು ಬಂದವರೆಂದು ಜನ ಅವರನ್ನು ಶಂಕಿಸಿದರು. ಆಗ ಗೆಡ್ಡೆಸರು ದೀಪಾವಳಿಯ ಮೆರವಣಿಗೆಗೆ ಹೊಸ ರೂಪವಿತ್ತರು. ಮೆರವಣಿಗೆಯು ವಾಡಿಕೆಯ ಬೀದಿಗಳಲ್ಲಿ ಸಾಗದೆ, ಹೆಚ್ಚು ಮನೆಗಳು ಶುಚಿಯಾಗಿರುವ ಬೀದಿಗಳಲ್ಲಿ ಸಾಗುವುದೆಂದು ಸಾರಲಾಯಿತು. ಕೇರಿಕೇರಿಗಳಲ್ಲಿ ಪೈಪೋಟಿ ಹುಟ್ಟಿತು. ಕೊಳಕಿನ ರಾಕ್ಷಸನ ಮತ್ತು ಪ್ಲೇಗಿನ ಇಲಿಯ ಬೃಹದಾಕೃತಿಗಳು ಬಂದವು. ಎಲ್ಲಕ್ಕಿಂತ ಮಿಗಿಲಾಗಿ, ಜಾಡಮಾಲಿಗಳು ಶುಭ್ರವಸ್ತ್ರ ಧರಿಸಿ, ಪೊರಕೆಗಳಿಗೆ ಹೂ ಮುಡಿಸಿ ಮೆರವಣಿಗೆಯಲ್ಲಿ ಗೌರವದಿಂದ ನಡೆದರು. ಕಟ್ಟಳೆಯಿಂದ ಆಗದ ಕಾರ್ಯ ಹಬ್ಬದಿಂದ ಆಯಿತು. ಹೂ ಮುಡಿದ ಪೊರಕೆ ಅಂದು ಇಡೀ ನಗರಕ್ಕೆ ಸಮಾನತೆಯ ಪಾಠವನ್ನು ಹೇಳಿತು.

1919ರಲ್ಲಿ ಗೆಡ್ಡೆಸರು ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಮತ್ತು ಪೌರನೀತಿ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಅವರ ಬಳಿಕ ಸಂಸ್ಕೃತ ವಿದ್ವಾಂಸರಾದ ಜಿ. ಎಸ್. ಘುರ್ಯೆ ಆ ವಿಭಾಗವನ್ನು ಬೆಳೆಸಿದರು. ಮೈಸೂರಿನ ಎಂ. ಎನ್. ಶ್ರೀನಿವಾಸ್ ಘುರ್ಯೆಯವರ ಶಿಷ್ಯರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಗಿ ಲೋಕಮಾನ್ಯವಾಯಿತು. ಸಸ್ಯಶಾಸ್ತ್ರಜ್ಞರೊಬ್ಬರು ನೆಟ್ಟ ಸಸಿ ಹೀಗೆ ಕನ್ನಡನಾಡಿಗೂ ನೆರಳಿತ್ತಿತು.

ಆದರೂ ಒಂದು ಮಾತನ್ನು ಮರೆಯಬಾರದು. ಇಂದೂರಿನ ಆ ಹಬ್ಬ ಅರಸನ ಅನುಮತಿಯಿಂದ ನಡೆಯಿತೇ ಹೊರತು ಪ್ರಜೆಗಳ ಮತದಿಂದಲ್ಲ. ಒಂದು ದಿನ ಮೆರೆದ ಜಾಡಮಾಲಿಗೆ ಮರುದಿನ ನಗರಸಭೆಯಲ್ಲಿ ಆಸನ ದೊರೆಯಲಿಲ್ಲ. ಇಂದು ಸ್ಥಿತಿ ಬೇರೆ. 1992ರ 74ನೆಯ ಸಂವಿಧಾನ ತಿದ್ದುಪಡಿ ನಗರಾಡಳಿತವನ್ನು ಚುನಾಯಿತ ಪ್ರತಿನಿಧಿಗಳಿಗೆ ಒಪ್ಪಿಸಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿಟ್ಟಿದೆ. ವಿದ್ವಾಂಸರ ಚರ್ಚೆ ದಾರಿ ತೋರಬಲ್ಲುದು. ಆ ದಾರಿಯಲ್ಲಿ ನಡೆಯಬೇಕಾದವರು ನಾಗರಿಕರು. ನಗರದಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ನಾಗರಿಕರಾಗುವುದಿಲ್ಲ. ನೆರೆಯವನ ಬಾಳು ತನ್ನ ಹೊಣೆಯೂ ಹೌದೆಂದು ಅರಿತಾಗ ಆಗುತ್ತಾರೆ.

ಪದಗಳ ಅರ್ಥ
ಮನಗಾಣು – ಚೆನ್ನಾಗಿ ತಿಳಿ. ಎದೆಗುಂದು – ಧೈರ್ಯಗೆಡು. ಮಿತಹಸ್ತ – ಅಳತೆಯರಿತ ಕೈ. ಕಟ್ಟಳೆ – ನಿಯಮ

ಅಭ್ಯಾಸ
1. ಹಳೆಯ ಕೇರಿಗಳನ್ನು ಕೆಡವುವುದರಿಂದ ರೋಗ ಏಕೆ ತೊಲಗುವುದಿಲ್ಲ?
2. 'ಕಟ್ಟಳೆಯಿಂದ ಆಗದ ಕಾರ್ಯ ಹಬ್ಬದಿಂದ ಆಯಿತು' – ಈ ಮಾತನ್ನು ವಿವರಿಸಿರಿ.
3. ನಿಮ್ಮ ಊರಿನ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದರ ಪರಿಹಾರಕ್ಕೆ ಯಾವ ಯಾವ ವಿದ್ಯೆಗಳ ನೆರವು ಬೇಕೆಂದು ಬರೆಯಿರಿ.