ನಮ್ಮ ಮಾಹಿತಿ ಒಂದು ಅಮಾನತ್



ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮಲ್ಲಿ ಹಲವರ ಮನೆಯಲ್ಲಿ ನಡೆಯುವ ಸಂಗತಿ ಇದು. ಎಂದೂ ಹೆಸರು ಕೇಳದ ಕಾಲೇಜೊಂದರಿಂದ ತಂದೆಯ ಮೊಬೈಲಿಗೆ ಕರೆ ಬರುತ್ತದೆ. ಮಾತನಾಡುವವರಿಗೆ ನಿಮ್ಮ ಹೆಸರು ಗೊತ್ತು, ಓದಿದ ವಿಭಾಗ ಗೊತ್ತು, ಊರು ಗೊತ್ತು. “ಈ ನಂಬರ್ ನಿಮಗೆ ಯಾರು ಕೊಟ್ಟರು?” ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಆದರೆ ನೆನಪಿಸಿಕೊಂಡರೆ, ಸಿಇಟಿ ಮಾದರಿ ಪ್ರಶ್ನೆಪತ್ರಿಕೆ ಉಚಿತ ಎಂದಿದ್ದ ಯಾವುದೋ ಫಾರ್ಮನ್ನು ತುಂಬಿದವರು ನಾವೇ ಆಗಿರಬಹುದು. ಕೊನೆಯಲ್ಲಿದ್ದ ‘ಒಪ್ಪುತ್ತೇನೆ’ ಎಂಬ ಚೌಕವನ್ನು ಓದದೆ ಒತ್ತಿದ್ದೂ ನಾವೇ.

ಕೊಟ್ಟ ಮಾಹಿತಿಯ ಮೇಲೆ ಆಮೇಲೂ ನಮಗೆ ಹಿಡಿತ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಅದನ್ನೇ ಈ ಪಾಠದಲ್ಲಿ ನೋಡೋಣ.

ಒಬ್ಬ ನಿವೃತ್ತ ನ್ಯಾಯಮೂರ್ತಿಯ ಅರ್ಜಿ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಅವರಿಗೆ 86 ವರ್ಷ. ವಿಚಾರಣೆಯ ನಡುವೆ ಮೂಲಭೂತ ಪ್ರಶ್ನೆಯೊಂದು ಎದ್ದಿತು: ನಮ್ಮ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಇದೆಯೇ? 1954 ಮತ್ತು 1962ರ ಎರಡು ಹಳೆಯ ತೀರ್ಪುಗಳು ಇದಕ್ಕೆ ಅಡ್ಡಿಯಾಗಿದ್ದವು. ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತಿತು. 2017ರ ಆಗಸ್ಟ್ 24ರಂದು ಪೀಠವು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಸಂವಿಧಾನದ 21ನೇ ವಿಧಿ ಕಾಪಾಡುವ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅದೂ ಸೇರಿದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ‘ಪುಟ್ಟಸ್ವಾಮಿ ಪ್ರಕರಣ’ ಎಂಬ ಹೆಸರನ್ನು ನೆನಪಿಡಬೇಕು.

ಬೆಂಗಳೂರಿನ ‘ಅನುಮತಿ’

ಹಕ್ಕು ಇದೆ ಎಂದು ಕೋರ್ಟ್ ಹೇಳಿತು. ಅದನ್ನು ದಿನಬಳಕೆಗೆ ತರುವುದು ಹೇಗೆ? ಹಣಕಾಸಿನ ಕ್ಷೇತ್ರದಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಮೊದಲೇ ಒಂದು ದಾರಿ ತೆರೆದಿತ್ತು. 2016ರ ಸೆಪ್ಟೆಂಬರಿನಲ್ಲಿ ಅದು ‘ಅಕೌಂಟ್ ಅಗ್ರಿಗೇಟರ್’ ಎಂಬ ಹೊಸ ಬಗೆಯ ಕಂಪನಿಗಳಿಗೆ ನಿಯಮ ರೂಪಿಸಿತು. 2021ರ ಸೆಪ್ಟೆಂಬರ್ 2ರಂದು ಎಂಟು ದೊಡ್ಡ ಬ್ಯಾಂಕುಗಳೊಂದಿಗೆ ಈ ಜಾಲ ಸಾರ್ವಜನಿಕವಾಗಿ ಆರಂಭವಾಯಿತು. ಬೆಂಗಳೂರಿನಲ್ಲಿ 2008ರಲ್ಲಿ ಹುಟ್ಟಿದ ಪರ್ಫಿಯೋಸ್ ಸಮೂಹದ ‘ಅನುಮತಿ’, ಹೈದರಾಬಾದಿನ ‘ಒನ್‌ಮನಿ’, ಪುಣೆಯ ‘ಫಿನ್ವು’ ಇವು ಇಂಥ ಸೇವೆಗಳು.

ಒಂದು ಉದಾಹರಣೆ ನೋಡೋಣ. ನಿಮಗೆ ಶಿಕ್ಷಣ ಸಾಲ ಬೇಕು. ಬ್ಯಾಂಕಿನವರು ತಂದೆಯವರ ಖಾತೆಯ ಆರು ತಿಂಗಳ ವಿವರ ಕೇಳುತ್ತಾರೆ. ತಂದೆಯವರ ಖಾತೆ ಬೇರೆ ಬ್ಯಾಂಕಿನಲ್ಲಿದೆ. ಹಳೆಯ ಕ್ರಮದಲ್ಲಿ ನಾವು ಸ್ಟೇಟ್‌ಮೆಂಟಿನ ಜೆರಾಕ್ಸ್ ಮಾಡಿಸುತ್ತೇವೆ, ಅಥವಾ ಫೈಲನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತೇವೆ. ಅದು ಎಷ್ಟು ಜನರ ಕೈಗೆ ಹೋಯಿತು, ಎಲ್ಲಿ ಉಳಿಯಿತು ಎಂಬುದು ಆಮೇಲೆ ನಮಗೆ ತಿಳಿಯುವುದಿಲ್ಲ.

ಹೊಸ ಕ್ರಮದಲ್ಲಿ ತಂದೆಯವರ ಮೊಬೈಲಿಗೆ ಒಂದು ಕೋರಿಕೆ ಬರುತ್ತದೆ. ಅದರಲ್ಲಿ ಐದು ಸಂಗತಿಗಳು ಸ್ಪಷ್ಟವಾಗಿರಬೇಕು:

1. ಮಾಹಿತಿ ಕೇಳುತ್ತಿರುವವರು ಯಾರು?
2. ಯಾವ ಮಾಹಿತಿ, ಎಷ್ಟು ಅವಧಿಯದು?
3. ಯಾವ ಉದ್ದೇಶಕ್ಕೆ?
4. ಒಮ್ಮೆ ಮಾತ್ರವೋ, ಮತ್ತೆ ಮತ್ತೆ ಪಡೆಯುತ್ತಾರೋ?
5. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಒಪ್ಪಿದರೆ ಮಾತ್ರ ಮಾಹಿತಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತದೆ. ನಡುವೆ ಇರುವ ಕಂಪನಿ ಅಂಚೆಯಣ್ಣನ ಹಾಗೆ. ಮುಚ್ಚಿದ ಲಕೋಟೆಯನ್ನು ತಲುಪಿಸುತ್ತದೆ, ಒಳಗಿನದನ್ನು ಓದುವಂತಿಲ್ಲ. ಕೊಟ್ಟ ಒಪ್ಪಿಗೆಗಳ ಪಟ್ಟಿ ಆ್ಯಪಿನಲ್ಲಿ ಇರುತ್ತದೆ. ಬೇಡವೆನಿಸಿದಾಗ ಒಪ್ಪಿಗೆಯನ್ನು ಹಿಂಪಡೆಯಬಹುದು.

ಆದರೆ ಮಿತಿಗಳೂ ಇವೆ. ಒಪ್ಪಿಗೆ ಹಿಂಪಡೆದರೆ ಮುಂದಿನ ಮಾಹಿತಿ ನಿಲ್ಲುತ್ತದೆ. ಈಗಾಗಲೇ ತಲುಪಿದ ಲಕೋಟೆ ತಾನಾಗಿ ಹಿಂದೆ ಬರುವುದಿಲ್ಲ. ಈ ಏರ್ಪಾಡು ಬ್ಯಾಂಕ್, ವಿಮೆ, ಹೂಡಿಕೆಯಂಥ ಹಣಕಾಸಿನ ಮಾಹಿತಿಗಷ್ಟೇ ಸೀಮಿತ. ನಿಮ್ಮ ಫೋಟೊ, ನೀವಿರುವ ಜಾಗದ ವಿವರ ಇದರಲ್ಲಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲದ ತುರ್ತಿನಲ್ಲಿರುವ ಮನುಷ್ಯ ‘ಇಲ್ಲ’ ಎನ್ನುವ ಸ್ಥಿತಿಯಲ್ಲಿ ಇರುತ್ತಾನೆಯೇ? ಒತ್ತುವ ಗುಂಡಿ ಇದ್ದ ಮಾತ್ರಕ್ಕೆ ಒಪ್ಪಿಗೆ ಮನಸ್ಸಿನಿಂದ ಬಂದದ್ದು ಎನ್ನಲಾಗದು.

2023ರ ಕಾಯ್ದೆ ಏನು ಹೇಳುತ್ತದೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಜಾರಿ ಹಂತಹಂತವಾಗಿ: ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ನಿಯಮ ಪ್ರಕಟವಾದ ದಿನದಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಕಾಯ್ದೆಯಲ್ಲಿ ನಮಗೆ ಬೇಕಾದ ಅಂಶಗಳು ಇವು.

ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡವೂ ಅಲ್ಲಿದೆ, ಉರ್ದುವೂ ಇದೆ. ಇಂಗ್ಲಿಷ್ ಬಾರದ ಅಜ್ಜಿಯೂ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂದು ತಿಳಿಯಬಹುದು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ತಪ್ಪಿದ್ದರೆ ತಿದ್ದಿಸುವ, ಅಗತ್ಯ ಮುಗಿದ ಮೇಲೆ ಅಳಿಸಲು ಕೇಳುವ ಹಕ್ಕು ಇದೆ. ಮಾಹಿತಿ ಸೋರದಂತೆ ಸೂಕ್ತ ಭದ್ರತೆ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಬೇರೆ ಬೇರೆ ಕಡೆ ಕೊಟ್ಟ ಒಪ್ಪಿಗೆಗಳನ್ನು ಒಂದೇ ಕಡೆ ನೋಡಿ ನಿಭಾಯಿಸಲು ‘ಕನ್ಸೆಂಟ್ ಮ್ಯಾನೇಜರ್’ ಎಂಬ ನೋಂದಾಯಿತ ಕಂಪನಿಗಳಿಗೂ ಅವಕಾಶವಿದೆ. ಬ್ಯಾಂಕ್ ವ್ಯವಹಾರದಲ್ಲಿ ನಡೆದ ಪ್ರಯೋಗವನ್ನು ಉಳಿದ ಕ್ಷೇತ್ರಗಳಿಗೂ ಹರಡುವ ಯತ್ನ ಇದು.

ನಿಮಗೆ ನೇರವಾಗಿ ತಟ್ಟುವ ಅಂಶವೂ ಒಂದಿದೆ. ಈ ಕಾಯ್ದೆಯ ದೃಷ್ಟಿಯಲ್ಲಿ 18 ವರ್ಷ ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೆಂದು ಪರಿಶೀಲಿಸಬೇಕು. ಪಿಯುಸಿಯ ಬಹುಪಾಲು ವಿದ್ಯಾರ್ಥಿಗಳು ಇದರೊಳಗೆ ಬರುತ್ತಾರೆ.

ಅಮಾನತ್ ಎಂಬ ಮಾತು

ಮಾಹಿತಿ ಪಡೆದ ಸಂಸ್ಥೆಯನ್ನು ಈ ಕಾಯ್ದೆ ‘ಡೇಟಾ ಫಿಡ್ಯೂಷಿಯರಿ’ ಎಂದು ಕರೆಯುತ್ತದೆ. ನಂಬಿ ಒಪ್ಪಿಸಿದ್ದನ್ನು ಕಾಯುವವ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಗಳಲ್ಲಿ ಇದಕ್ಕೆ ಹಳೆಯ ಮಾತಿದೆ: ಅಮಾನತ್. ಕಚೇರಿಯ ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ಮೂಲದಲ್ಲಿ ಅದು ನಂಬಿಕೆಯಿಂದ ಒಪ್ಪಿಸಿದ ವಸ್ತು. ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ಇನ್ನೊಬ್ಬರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬಾರದೆಂದು ಕಲಿಸುತ್ತದೆ. ಹಿಂದಿರುಗಿ ಎಂದರೆ ಹಿಂದಿರುಗಬೇಕೆಂದೂ ತಿಳಿಸುತ್ತದೆ. ಮೊಬೈಲಿನ ಬಾಗಿಲಿಗೂ ಈ ಶಿಷ್ಟಾಚಾರ ಸಲ್ಲುತ್ತದೆ.

ಇದು ಕಂಪನಿಗಳಿಗಷ್ಟೇ ಹೇಳಿದ ಮಾತಲ್ಲ. ಗೆಳತಿಯ ಫೋಟೊವನ್ನು ಕೇಳದೆ ಗುಂಪಿಗೆ ಹಾಕುವುದು, ಸಹಪಾಠಿಯ ನಂಬರನ್ನು ಅಪರಿಚಿತರಿಗೆ ಕೊಡುವುದು, ಇನ್ನೊಬ್ಬರ ಅಂಕಪಟ್ಟಿಯನ್ನು ಸ್ಟೇಟಸ್ಸಿನಲ್ಲಿ ಇಡುವುದು ಕೂಡ ಅಮಾನತ್ತಿಗೆ ಎಸಗುವ ದ್ರೋಹವೇ. ನಮ್ಮ ಮಾಹಿತಿಗೆ ಮರ್ಯಾದೆ ಕೇಳುವ ಮೊದಲು ಇತರರ ಮಾಹಿತಿಗೆ ಅದನ್ನು ಕೊಡಬೇಕು.

ಮಾಡಿ ನೋಡಿ

1. ನಿಮ್ಮ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಶನ್ ವಿಭಾಗ ತೆರೆಯಿರಿ. ಮೈಕ್, ಲೊಕೇಶನ್, ಕಾಂಟ್ಯಾಕ್ಟ್ಸ್ ಯಾವ ಯಾವ ಆ್ಯಪಿನ ಕೈಯಲ್ಲಿವೆ ಎಂದು ಪಟ್ಟಿ ಮಾಡಿ. ಅಗತ್ಯವಿಲ್ಲದ್ದನ್ನು ಹಿಂಪಡೆಯಿರಿ.
2. ಪೂರ್ಣ ಆಧಾರ್ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ. ಅದನ್ನು ಯುಐಡಿಎಐ ತಾಣದಿಂದಲೇ ಪಡೆಯಬಹುದು.
3. ಮುಂದೆ ತುಂಬುವ ಆನ್‌ಲೈನ್ ಫಾರ್ಮಿಗೆ ಮೇಲಿನ ಐದು ಪ್ರಶ್ನೆಗಳನ್ನು ಹಾಕಿ. ಎಷ್ಟಕ್ಕೆ ಉತ್ತರ ಸಿಕ್ಕಿತು ಎಂದು ಬರೆದಿಡಿ.
4. ತರಗತಿಯಲ್ಲಿ ಚರ್ಚಿಸಿ: ‘ಇಲ್ಲ’ ಎನ್ನಲಾಗದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ?