ಗಾಳಿಗೆ ಅಂಜಬೇಡಿರಿ: ಮನೆಯ ಸಾಮಾನುಗಳಿಂದ ಮಾಡತಕ್ಕ ಒಂದು ಗಾಳಿಯಂತ್ರ

ಓದತಕ್ಕ ವೇದಭಾಗ: ಮಾರ್ಕ 4:35–41



ನಮ್ಮ ಸೀಮೆಯಲ್ಲಿ ಗಾಳಿ ಎಂಬ ಒಂದೇ ಮಾತಿಗೆ ಎರಡು ಅರ್ಥಗಳುಂಟು. ಕಣದಲ್ಲಿ ಜೋಳದ ರಾಶಿಯನ್ನು ತೂರುವಾಗ ಹೊಟ್ಟನ್ನು ದೂರ ಒಯ್ದು ಕಾಳನ್ನು ನಮ್ಮ ಕಾಲ ಬಳಿಯಲ್ಲಿ ಬೀಳಿಸುವದು ಗಾಳಿ. ಸಂಜೆಯಲ್ಲಿ ಕೂಸು ಬೆಚ್ಚಿಬಿದ್ದು, ಮೈ ಕಾದು, ಹಾಲು ಕುಡಿಯದೆ ಅತ್ತರೆ ಹಿರಿಯರು ಬಡಿದದೆ ಎಂದು ಹೇಳುವದೂ ಗಾಳಿಯೇ. ಮೊದಲನೆಯ ಗಾಳಿಗಾಗಿ ನಾವು ಕಾದು ನಿಲ್ಲುತ್ತೇವೆ, ಎರಡನೆಯದಕ್ಕೆ ನಡುಗುತ್ತೇವೆ. ಕರ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿದ ಮನೆಗಳಲ್ಲಿಯೂ ಈ ನಡುಕವು ಪೂರಾ ಹೋಗಿದೆ ಎಂದು ನಾವು ಹೇಳಲಾರೆವು. ನಾವೇ ಚಿಕ್ಕವರಿದ್ದಾಗ ಬೇಸಿಗೆಯ ಮಧ್ಯಾಹ್ನ ಹೊಲದಲ್ಲಿ ಸುಂಟರಗಾಳಿ ಏಳುವದನ್ನು ಕಂಡು ದೆವ್ವ ಬಂತೆಂದು ಓಡಿಹೋಗಿ ಕದದ ಹಿಂದೆ ಅಡಗಿದ್ದುಂಟು.

ಆದದರಿಂದ ಈ ತಿಂಗಳ ಪಾಠವನ್ನು ಬಾಯಿಂದ ಹೇಳುವದಕ್ಕಿಂತ ಕೈಯಿಂದ ಮಾಡಿ ಕಲಿಯುವದು ಒಳ್ಳೇದೆಂದು ಎಣಿಸಿದ್ದೇವೆ. ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಎತ್ತರದ ಕಂಬಗಳ ಮೇಲೆ ಮೂರು ರೆಕ್ಕೆಗಳ ಯಂತ್ರಗಳು ತಿರುಗುವದನ್ನು ನೀವು ನೋಡಿದ್ದೀರಿ. ನಮ್ಮ ಜನರು ಅವುಗಳನ್ನು ಫ್ಯಾನು ಎಂದು ಕರೆಯುತ್ತಾರೆ. ಅಂಥದ್ದೊಂದನ್ನು ಮನೆಯ ಕಟ್ಟೆಯ ಮೇಲೆ ನಿಲ್ಲಿಸೋಣ.

ಬೇಕಾದ ಸಾಮಾನುಗಳು

ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ತುಂಬಲು ಉಸುಕು, ಬರೆದು ಮುಗಿದ ಬಾಲ್ ಪೆನ್ನಿನ ಕೊಳವೆ, ಸೈಕಲ್ ಗಾಲಿಯ ಒಂದು ಹಳೆಯ ಕಡ್ಡಿ, ಸವೆದುಹೋದ ರಬ್ಬರ್ ಚಪ್ಪಲಿ, ಹರಿದ ಬುಟ್ಟಿಯಿಂದ ತೆಗೆದ 5 ಅಂಗುಲ ಉದ್ದದ ನಾಲ್ಕು ಬಿದಿರಿನ ಸೀಳುಗಳು, ದಪ್ಪ ಕಾಗದದ ಹಳೆಯ ಲಗ್ನಪತ್ರಿಕೆಗಳು, ಒಂದು ಮಣಿ, ದಾರ, ಖಾಲಿ ಕಡ್ಡಿಪೆಟ್ಟಿಗೆ, ಅಂಟು. ಇವುಗಳಲ್ಲಿ ಹಣ ಕೊಟ್ಟು ತರತಕ್ಕದ್ದು ಬಹುಶಃ ಒಂದೂ ಇರುವದಿಲ್ಲ.

ಮಾಡುವ ಕ್ರಮ

1. ಬಾಟಲಿಯ ತಳದಿಂದ 7 ಅಂಗುಲ ಎತ್ತರದಲ್ಲಿ, ಎದುರುಬದುರಾಗಿ ಎರಡು ತೂತುಗಳನ್ನು ಕಾದ ಮೊಳೆಯಿಂದ ಮಾಡಬೇಕು. ಈ ಕೆಲಸವನ್ನು ದೊಡ್ಡವರೇ ಮಾಡತಕ್ಕದ್ದು. ಪೆನ್ನಿನ ಕೊಳವೆಯನ್ನು ಎರಡು ತೂತುಗಳಲ್ಲಿಯೂ ಹಾಯಿಸಿ ಬಿಗಿಯಾಗಿ ಅಂಟಿಸಿರಿ. ಅದರ ತುದಿಗಳು ಎರಡು ಕಡೆಯಲ್ಲಿಯೂ ಒಂದೊಂದು ಅಂಗುಲ ಹೊರಗಿರಲಿ. ಕೊಳವೆಯ ಕೆಳಗಿನ ವರೆಗೆ ಬಾಟಲಿಯಲ್ಲಿ ಉಸುಕು ತುಂಬಿರಿ.

2. ಚಪ್ಪಲಿಯಿಂದ ಒಂದೂವರೆ ಅಂಗುಲ ಅಗಲದ ದುಂಡು ಬಿಲ್ಲೆಯನ್ನು ಕೊಯ್ಯಿರಿ. ಇದು ಗಾಲಿಯ ನಡುತುಂಡು.

3. ಲಗ್ನಪತ್ರಿಕೆಯಿಂದ 4 ಅಂಗುಲ ಉದ್ದ, 2 ಅಂಗುಲ ಅಗಲದ ನಾಲ್ಕು ರೆಕ್ಕೆಗಳನ್ನು ಕತ್ತರಿಸಿರಿ. ಒಂದೊಂದು ರೆಕ್ಕೆಯ ನಡುವೆ ಉದ್ದಕ್ಕೆ ಒಂದೊಂದು ಬಿದಿರಿನ ಸೀಳನ್ನು ಅಂಟಿಸಿರಿ. ಸೀಳಿನ ಒಂದು ಅಂಗುಲ ಹೊರಗೆ ಉಳಿಯಲಿ. ಆ ತುದಿಯನ್ನು ಬಿಲ್ಲೆಯ ಅಂಚಿನಲ್ಲಿ ಅರ್ಧ ಅಂಗುಲ ಒಳಗೆ ಚುಚ್ಚಿರಿ. ನಾಲ್ಕು ರೆಕ್ಕೆಗಳು ನಾಲ್ಕು ದಿಕ್ಕುಗಳ ಹಾಗೆ ಸರಿಸಮವಾಗಿ ನಿಲ್ಲಬೇಕು.

4. ಸೈಕಲ್ ಕಡ್ಡಿಯು ನಮ್ಮ ಗಾಲಿಯ ಅಚ್ಚು. ಅದರ ಬಾಗಿದ ತುದಿ ಹಿಂದೆ ಉಳಿಯುವಂತೆ, ಕಡ್ಡಿಯನ್ನು ಹಿಂದಿನಿಂದ ಕೊಳವೆಯೊಳಗೆ ತೂರಿಸಿರಿ. ಮುಂದೆ ಬಂದ ತುದಿಗೆ ಮೊದಲು ಮಣಿಯನ್ನು, ಆ ಮೇಲೆ ಬಿಲ್ಲೆಯನ್ನು ನಡುವೆ ಚುಚ್ಚಿ ಏರಿಸಿರಿ. ಬಿಲ್ಲೆಯು ಕಡ್ಡಿಯನ್ನು ಬಿಗಿಯಾಗಿ ಹಿಡಿಯಬೇಕು. ಕಡ್ಡಿಯು ಕೊಳವೆಯಲ್ಲಿ ಸಡಿಲಾಗಿ ತಿರುಗಬೇಕು.

5. ಹಿಂದಿನ ಬಾಗಿದ ತುದಿಗೆ ದಾರವನ್ನು ಕಟ್ಟಿ, ಅದರ ಕೆಳಗೆ ಕೆಲವು ಹರಳುಗಳನ್ನು ಹಾಕಿದ ಕಡ್ಡಿಪೆಟ್ಟಿಗೆಯನ್ನು ತೂಗಬಿಡಿರಿ. ದಾರವು ಕಟ್ಟೆಯ ಅಂಚಿನಿಂದ ಹೊರಗೆ ತೂಗುವಂತೆ ಬಾಟಲಿಯನ್ನಿಟ್ಟು ರೆಕ್ಕೆಗಳನ್ನು ಗಾಳಿಗೆ ಎದುರುಮಾಡಿರಿ.

ಪರೀಕ್ಷೆ

ಮೊದಲು ರೆಕ್ಕೆಗಳ ಪೂರಾ ಅಗಲವು ಗಾಳಿಗೆ ಎದುರಾಗಿರಲಿ. ಗಾಳಿಯು ಗಾಲಿಯನ್ನು ಹಿಂದಕ್ಕೆ ಒತ್ತುತ್ತದೆ, ಆದರೆ ತಿರುಗಿಸುವದಿಲ್ಲ. ಎರಡನೆಯದಾಗಿ, ಸೀಳುಗಳನ್ನು ತಿರುವಿ ರೆಕ್ಕೆಗಳ ಅಂಚುಗಳನ್ನು ಮಾತ್ರ ಗಾಳಿಗೆ ಒಡ್ಡಿರಿ. ಗಾಳಿಯು ಪಕ್ಕದಲ್ಲಿ ಸರಿದು ಹೋಗುತ್ತದೆ. ಆಗಲೂ ಗಾಲಿ ತಿರುಗದು. ಮೂರನೆಯದಾಗಿ, ಮೊದಲಿನ ಎದುರು ನಿಲುವಿನಿಂದ ಎಲ್ಲಾ ರೆಕ್ಕೆಗಳನ್ನು ಒಂದೇ ಕಡೆಗೆ ಸ್ವಲ್ಪ, ಅಂದರೆ ಲಂಬಕೋನದ ಮೂರರಲ್ಲಿ ಒಂದು ಪಾಲಿನಷ್ಟು, ಓರೆಮಾಡಿರಿ. ಈಗ ಗಾಳಿಯು ರೆಕ್ಕೆಗೆ ತಾಕಿ ಒಂದು ಪಕ್ಕಕ್ಕೆ ಹೊರಳುತ್ತದೆ. ರೆಕ್ಕೆಯು ಮತ್ತೊಂದು ಪಕ್ಕಕ್ಕೆ ತಳ್ಳಲ್ಪಡುತ್ತದೆ. ಗಾಲಿ ತಿರುಗಿ, ದಾರ ಸುತ್ತಿ, ಪೆಟ್ಟಿಗೆಯು ಮೇಲೇರುವದು. ಕಡ್ಡಿಯು ತೆಳ್ಳಗಿರುವದರಿಂದ ಪೆಟ್ಟಿಗೆಯು ಒಂದು ಅಡಿ ಏರಲು ಗಾಲಿಯು ಸುಮಾರು 50 ಸುತ್ತು ತಿರುಗಬೇಕು. ಏರುವದು ನಿಧಾನವಾದರೂ ಹೊರುವ ಶಕ್ತಿ ಹೆಚ್ಚು.

ನಾವು ಇದನ್ನು ರವಿವಾರದ ಶಾಲೆಯ ಮಕ್ಕಳೊಂದಿಗೆ ಮೊದಲು ಮಾಡಿದಾಗ ಗಾಲಿಯು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಒಬ್ಬ ಹುಡುಗನು, “ಗುರುಗಳ, ಇದಕ್ಕೂ ಗಾಳಿ ಬಡದೈತ್ರಿ!” ಅಂದನು. ಎಲ್ಲರೂ ನಕ್ಕರು. ಆದರೆ ಯಾರೂ ಯಂತ್ರಕ್ಕೆ ತಾಯತ ಕಟ್ಟಲಿಲ್ಲ, ಲಿಂಬೆಹಣ್ಣು ನಿವಾಳಿಸಲಿಲ್ಲ. ಕೂತುಕೊಂಡು ಕಾರಣವನ್ನು ಹುಡುಕಿದೆವು. ಎರಡು ರೆಕ್ಕೆಗಳು ಮಿಕ್ಕವುಗಳಿಗೆ ವಿರೋಧವಾಗಿ ಓರೆಯಾಗಿದ್ದವು. ಅವುಗಳನ್ನು ಸರಿಪಡಿಸಿದ ಕೂಡಲೇ ಗಾಲಿಯು ತಿರುಗಿತು. ನಿಮ್ಮ ಯಂತ್ರವು ತಿರುಗದಿದ್ದರೆ ನೀವೂ ಹಾಗೆಯೇ ಮಾಡಿರಿ: ರೆಕ್ಕೆಗಳ ಓರೆಯನ್ನು ನೋಡಿರಿ, ಒಂದು ರೆಕ್ಕೆ ಭಾರವಾಗಿ ಯಾವಾಗಲೂ ಕೆಳಗೆ ಬಂದು ನಿಲ್ಲುತ್ತದೋ ನೋಡಿರಿ, ಅಚ್ಚು ಕೊಳವೆಯಲ್ಲಿ ಉಜ್ಜುತ್ತದೋ ನೋಡಿ ಒಂದು ಹನಿ ಎಣ್ಣೆ ಬಿಡಿರಿ.

ದೊಡ್ಡ ಯಂತ್ರಗಳು

ಹೊಲದಲ್ಲಿರುವ ದೊಡ್ಡ ಯಂತ್ರವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಅದರ ಅಚ್ಚು ಪೆಟ್ಟಿಗೆಯನ್ನು ಎತ್ತುವದರ ಬದಲು ತಂತಿಯ ಸುರುಳಿಗಳ ಮತ್ತು ಅಯಸ್ಕಾಂತದ ಒಂದು ಯಂತ್ರವನ್ನು ತಿರುಗಿಸುತ್ತದೆ. ಅದರಿಂದ ವಿದ್ಯುತ್ತು ಹುಟ್ಟುತ್ತದೆ. ಗಾಳಿಯ ವೇಗವು ಎರಡರಷ್ಟಾದರೆ ಅದರ ಶಕ್ತಿಯು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು; ಅದಕ್ಕೋಸ್ಕರವೇ ಕಂಬಗಳನ್ನು ಅಷ್ಟು ಎತ್ತರವಾಗಿ ನಿಲ್ಲಿಸುತ್ತಾರೆ. ಡೆನ್ಮಾರ್ಕ್ ದೇಶದ ಆಸ್ಕೋವ್ ಎಂಬ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಪೌಲ್ ಲಾ ಕೂರ್ ಎಂಬವನು 1891ರಲ್ಲಿ ಗಾಳಿಯಿಂದ ವಿದ್ಯುತ್ತನ್ನು ಮಾಡಿದನು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು 1960ರ ದಶಕದಲ್ಲಿ ಬಾವಿಯ ನೀರನ್ನೆತ್ತುವ ಗಾಳಿಯಂತ್ರವನ್ನು ರಚಿಸಿದರು.

ಈ ಯಂತ್ರಗಳು ಮಳೆಯ ಮೋಡಗಳನ್ನು ಓಡಿಸುತ್ತವೆ ಎಂದು ಕೆಲವರು ಹೇಳುವದುಂಟು. ಆಫ್ರಿಕದ ಮಲಾವಿ ದೇಶದಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ವಿಲಿಯಂ ಕಾಮ್ಕ್ವಾಂಬಾ ಎಂಬ ರೈತನ ಮಗನು ಬರಗಾಲದಲ್ಲಿ ಫೀಸು ಕೊಡಲಾರದೆ ಶಾಲೆ ಬಿಟ್ಟನು. ಗ್ರಂಥಾಲಯದ ಪುಸ್ತಕವನ್ನು ನೋಡಿ 2002ರಲ್ಲಿ, ಮುರಿದ ಸೈಕಲ್ಲು, ಟ್ರ್ಯಾಕ್ಟರಿನ ಫ್ಯಾನು ಮತ್ತು ನೀಲಗಿರಿ ಮರದ ಕಂಬಗಳಿಂದ ಗಾಳಿಯಂತ್ರವನ್ನು ಕಟ್ಟಿ ಮನೆಗೆ ದೀಪ ತಂದನು. ಮುಂದೆ ಮಳೆ ತಡೆದಾಗ ಕೆಲವು ನೆರೆಯವರು ಆ ಯಂತ್ರದ ಮೇಲೆಯೇ ತಪ್ಪು ಹೊರಿಸಿದರು. ನಿಜವೇನೆಂದರೆ, ನಮ್ಮ ಕಡೆಯ ಯಂತ್ರಗಳ ಅಚ್ಚು ನೆಲದಿಂದ 100 ಮೀಟರಿನ ಆಸುಪಾಸಿನಲ್ಲಿರುತ್ತದೆ. ಮಳೆಯ ಮೋಡಗಳು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತವೆ. ನಮಗೆ ಮಳೆ ಕಡಿಮೆಯಾಗಲು ಕಾರಣವು ಬೇರೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತನ್ನ ನೀರಿನ ಬಹುಭಾಗವನ್ನು ಮಲೆನಾಡಿನಲ್ಲಿ ಸುರಿದುಬಿಡುತ್ತದೆ. ಕೊಪ್ಪಳದ ಸೀಮೆಗೆ ಬರುವಷ್ಟರಲ್ಲಿ ಅದರ ನೀರು ಕಡಿಮೆಯಾಗಿರುತ್ತದೆ, ಬೀಸು ಮಾತ್ರ ಉಳಿದಿರುತ್ತದೆ. ಆದಕಾರಣ ವರುಷದ ಮಳೆಯು ಸುಮಾರು 600 ಮಿಲಿಮೀಟರು ಮಾತ್ರ. ಆದರೆ ಆಷಾಢದಲ್ಲಿ ಗಾಳಿಗೆ ಕೊರತೆಯಿಲ್ಲ. ಯಂತ್ರಗಳು ಬರುವದಕ್ಕಿಂತ ಬಹುಕಾಲ ಮುಂಚೆಯೂ ಇಲ್ಲಿ ಬರಗಾಲಗಳು ಬಂದಿದ್ದವು.

ಸುಂಟರಗಾಳಿಯೂ ದೆವ್ವವಲ್ಲ. ಬಿಸಿಲಿನಿಂದ ಕಾದ ನೆಲದ ಮೇಲಿನ ಬಿಸಿ ಗಾಳಿಯು ಹಗುರಾಗಿ ಮೇಲೇರುತ್ತದೆ. ಸುತ್ತಲಿನ ಗಾಳಿಯು ಆ ಸ್ಥಳಕ್ಕೆ ನುಗ್ಗಿ ಸುತ್ತುತ್ತಾ ಧೂಳನ್ನು ಎಬ್ಬಿಸುತ್ತದೆ.

ನಮಗೆ ಬರುವ ಬೋಧನೆ

ಗಲಿಲಾಯ ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಶಿಷ್ಯರು ನಡುಗಿದರು. ಕರ್ತನು ಎದ್ದು ಗದರಿಸಲು ಗಾಳಿಯು ನಿಂತುಹೋಯಿತು. ಆಳು ಯಜಮಾನನ ಮಾತನ್ನು ಕೇಳುವಂತೆ ಅದು ಕೇಳಿತು. ನಮ್ಮ ತಂದೆಯ ಆಳಿಗೆ ನಾವು ಯಾಕೆ ಅಂಜಬೇಕು?

ಆದರೆ ಅಂಜಿಕೆಯು ಹೋಯಿತೋ ಇಲ್ಲವೋ ಎಂಬದು ಆರಾಧನೆಯಲ್ಲಿ ತಿಳಿಯಬರುವದಿಲ್ಲ. ರಾತ್ರಿಯಲ್ಲಿ ಕೂಸಿಗೆ ಜ್ವರ ಬಂದಾಗ ತಿಳಿಯಬರುತ್ತದೆ. ಗಾಳಿ ಬಡಿದದೆ ಎಂದು ಮೂರು ದಿವಸಗಳನ್ನು ತಾಯತಕ್ಕೂ ಮಂತ್ರಕ್ಕೂ ಕಳೆದು ನಾಲ್ಕನೆಯ ದಿವಸ ದವಾಖಾನೆಗೆ ಹೋದರೆ, ಆ ಮೂರು ದಿವಸಗಳನ್ನು ವೈದ್ಯರು ತಿರುಗಿ ಕೊಡಲಾರರು. ಕೂಸಿನ ಮೈ ಕಾದರೆ, ಕೈಕಾಲು ಸೆಟೆದುಕೊಂಡರೆ, ಅದು ಹಾಲು ಕುಡಿಯದಿದ್ದರೆ, ಅದಕ್ಕೆ ಒಂದು ಕಾರಣವುಂಟು, ಮತ್ತು ಆ ಕಾರಣವನ್ನು ಹುಡುಕುವ ಜನರುಂಟು. ನಿಂತುಹೋದ ಕಾಗದದ ಗಾಲಿಗೆ ಕಾರಣವನ್ನು ಹುಡುಕಿದ ನಾವು ನಮ್ಮ ಸ್ವಂತ ಕೂಸಿಗೆ ಅಷ್ಟು ಮಾಡದೆ ಇರಬಹುದೋ? ದಾರಿಯಲ್ಲಿ ಪ್ರಾರ್ಥಿಸಿರಿ, ಆದರೆ ದವಾಖಾನೆಯ ದಾರಿಯನ್ನು ಹಿಡಿದು ಪ್ರಾರ್ಥಿಸಿರಿ. ನೆರೆಯವರು ಇನ್ನೂ ಅಂಜುವವರಾಗಿದ್ದರೆ ಅವರನ್ನು ಹಾಸ್ಯಮಾಡಬೇಡಿರಿ. ಅವರ ಕೂಸನ್ನೂ ನಿಮ್ಮ ಬಂಡಿಯಲ್ಲಿ ಕರೆದುಕೊಂಡು ಹೋಗಿರಿ.

ನಿಮ್ಮ ಕಟ್ಟೆಯ ಮೇಲೆ ಆ ಚಿಕ್ಕ ಗಾಲಿಯು ತಿರುಗುವದನ್ನು ಮನೆಯವರೆಲ್ಲರೂ ಕೂಡಿ ನೋಡಿರಿ. ಹಿರಿಯರನ್ನು ಮುಂದೆ ಕೂಡ್ರಿಸಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಪೂರಾ ಎದುರು ನಿಂತ ರೆಕ್ಕೆಯು ಯಾಕೆ ತಿರುಗುವದಿಲ್ಲ? ಓರೆಯಾದ ರೆಕ್ಕೆಯು ಯಾಕೆ ತಿರುಗುತ್ತದೆ?
2. ಗಾಳಿಯ ವೇಗವು ಎರಡರಷ್ಟಾದರೆ ಶಕ್ತಿಯು ಎಷ್ಟಾಗುತ್ತದೆ?
3. ನಮ್ಮ ಸೀಮೆಗೆ ಗಾಳಿ ಹೆಚ್ಚು, ಮಳೆ ಕಡಿಮೆ, ಕಾರಣವೇನು?
4. ಬಿರುಗಾಳಿ ನಿಂತ ಮೇಲೆ ಕರ್ತನು ಶಿಷ್ಯರಿಗೆ ಯಾವ ವಿಷಯವಾಗಿ ಪ್ರಶ್ನೆ ಮಾಡಿದನು?
5. ನಿಮ್ಮ ಮನೆಯಿಂದ ಹತ್ತಿರದ ದವಾಖಾನೆ ಎಲ್ಲಿದೆ? ರಾತ್ರಿಯಲ್ಲಿ ಅಲ್ಲಿಗೆ ಹೋಗಲು ಯಾರ ಬಂಡಿ ಸಿಕ್ಕುವದು? ಇದನ್ನು ಇಂದೇ ವಿಚಾರಿಸಿ ಇಟ್ಟುಕೊಳ್ಳಿರಿ.